ಮೂರು ಕೂಗು

ನಮ್ಮ ಸ್ಟ್ಯಾಂಡಿನಲ್ಲಿ ಡ್ರೈವರುಗಳ ಹೆಸರು ಕೂಗುವುದಿಲ್ಲ, ನಂಬರು ಕೂಗುತ್ತೇವೆ. ಕಳಸದಿಂದ ಸಂಸೆಗೆ ಹೋಗುವ ದಾರಿಯ ಬದಿಯಲ್ಲಿ ಇಪ್ಪತ್ತೆರಡು ಜೀಪುಗಳು ನಿಲ್ಲುವ ಜಾಗ ಅದು. ಮೂಲೆಯಲ್ಲಿ ನನ್ನ ಚಹಾದ ಗೂಡಂಗಡಿ. ಅಂಗಡಿಯ ಗೋಡೆಗೆ ಒಂದು ಹಲಗೆ, ಹಲಗೆಯಲ್ಲಿ ಸಾಲಾಗಿ ಇಪ್ಪತ್ತೆರಡು ಮೊಳೆ, ಒಂದೊಂದು ಮೊಳೆಗೂ ನಂಬರು ಬರೆದ ಒಂದೊಂದು ತಗಡಿನ ಬಿಲ್ಲೆ. ಬಾಡಿಗೆ ಬಂದರೆ ಮೊದಲ ಮೊಳೆಯ ಬಿಲ್ಲೆಯವನು ಹೊರಡಬೇಕು. ಅವನ ಬಿಲ್ಲೆ ಕೊನೆಯ ಮೊಳೆಗೆ ಹೋಗುತ್ತದೆ, ಉಳಿದವೆಲ್ಲ ಒಂದೊಂದು ಮೊಳೆ ಮುಂದಕ್ಕೆ ಬರುತ್ತವೆ. ಗಿರಾಕಿ ಬಂದು "ನಮಗೆ ಆ ಹೊಸ ಜೀಪೇ ಬೇಕು" ಎಂದರೆ ನಡೆಯುವುದಿಲ್ಲ. ನಾನು ನಂಬರನ್ನು ಮೂರು ಸಲ ಕೂಗುತ್ತೇನೆ. ಮೂರನೇ ಕೂಗಿಗೂ ಆಸಾಮಿ ಬರದಿದ್ದರೆ ಅವನ ಬಿಲ್ಲೆ ಸೀದಾ ಕೊನೆಗೆ. ರಜೆ ಹಾಕಿದವನ ಬಿಲ್ಲೆ ಇಳಿಸಿಟ್ಟು, ಅವನು ಬಂದ ದಿನ ಕೊನೆಗೆ ಹಾಕುತ್ತೇನೆ, ಹಾಗಾಗಿ ಯಾರ ಹಿಂದೆ ಯಾರು ಎನ್ನುವುದು ಬದಲಾಗುತ್ತಲೇ ಇರುತ್ತದೆ.

ಈ ಹಲಗೆ ಮತ್ತು ಸರದಿಯ ಪುಸ್ತಕ ನನ್ನ ಕೈಗೆ ಬಂದು ಆರು ವರ್ಷವಾಗಿತ್ತು. ನನ್ನ ಗಂಡ ಇದ್ದಾಗ ಒಂಬತ್ತನೇ ನಂಬರು ಅವರದು. ಅವರು ಹೋದ ಮೇಲೆ ಜೀಪು ಮಾರಿದೆ, ಅಂಗಡಿ ಉಳಿಸಿಕೊಂಡೆ. ಮೊದಲು ಪುಸ್ತಕ ನೋಡಿಕೊಳ್ಳುತ್ತಿದ್ದವನು ಒಳ್ಳೆಯ ಬಾಡಿಗೆಗಳನ್ನೆಲ್ಲ ತನ್ನ ಭಾವನಿಗೆ ದಾಟಿಸುತ್ತಿದ್ದನೆಂದು ಗಲಾಟೆಯಾಗಿ, ಡ್ರೈವರುಗಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನನಗಿದ್ದದ್ದು ಎರಡೇ ಅರ್ಹತೆ: ನನ್ನ ಹತ್ತಿರ ಜೀಪಿಲ್ಲ, ಮತ್ತು ನಾನು ಎಲ್ಲರ ಮೇಲೂ ಸಮನಾಗಿ ರೇಗುತ್ತೇನೆ. ಪುಸ್ತಕ ಕೈಗೆ ಬಂದ ಹೊಸತರಲ್ಲೇ ಇನ್ನೊಂದು ನಿಯಮ ತಂದು ಗೋಡೆಗೆ ಬರೆಸಿದೆ. ಬೇರೆ ಕೆಲಸ ಇರುವವನಿಗೆ ಇಲ್ಲಿ ಮೊಳೆಯಿಲ್ಲ. ತೋಟದವರು ಕೆಲವರು ಬಿಲ್ಲೆ ನೇತುಹಾಕಿ ಮನೆಯಲ್ಲಿ ಕೂತು, ಶನಿವಾರ ಭಾನುವಾರ ಮಾತ್ರ ಬಂದು ಬಾಡಿಗೆ ಹೊಡೆಯುತ್ತಿದ್ದರು. ಅದನ್ನು ನಿಲ್ಲಿಸಿದ್ದಕ್ಕೆ ನನಗೆ ಬಹಳ ಹೆಮ್ಮೆಯಿತ್ತು.

ಆ ವರ್ಷ ಸೀಸನ್ನಿನಲ್ಲೇ ಸ್ಟ್ಯಾಂಡು ಸತ್ತಿತು. ಎಲ್ಲ ಕಡೆಯೂ ಕಂಪನಿಗಳು ಜನರನ್ನು ಕಡಿಮೆ ಮಾಡುತ್ತಿವೆ, ಕೆಲಸ ಉಳಿದವರೂ ಖರ್ಚು ಮಾಡಲು ಹೆದರುತ್ತಿದ್ದಾರೆ ಎಂದು ಹೋಮ್‌ಸ್ಟೇಯವರು ಹೇಳುತ್ತಿದ್ದರು. ಬೆಟ್ಟ ಹತ್ತುವವರು ಬರಲಿಲ್ಲ. ಹೋಮ್‌ಸ್ಟೇಗಳು ಒಂದೊಂದಾಗಿ ಗೇಟಿಗೆ ಬೀಗ ಹಾಕಿದವು. ತೋಟದವರು ಆಳುಗಳನ್ನು ಕರೆತರಲು ಜೀಪು ಹೇಳುವುದು ಬಿಟ್ಟು ತಮ್ಮ ಟ್ರ್ಯಾಕ್ಟರನ್ನೇ ಕಳಿಸತೊಡಗಿದರು. ಮುಂಚೆ ಭಾನುವಾರಗಳಲ್ಲಿ ಹಲಗೆ ದಿನಕ್ಕೆ ಎರಡು ಸುತ್ತು ತಿರುಗುತ್ತಿತ್ತು. ಈಗ ಒಂದು ಸುತ್ತು ಮುಗಿಯಲು ನಾಲ್ಕು ದಿನ, ಕೆಲವೊಮ್ಮೆ ಐದು. ಡ್ರೈವರುಗಳು ಬೆಳಿಗ್ಗೆ ಬಂದು ಜೀಪು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಅರ್ಧ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನು ಕಿಚಾಯಿಸಿದರೆ ಮೊದಮೊದಲು ನಗುತ್ತಿದ್ದರು. ಆಮೇಲೆ ನಗುವುದು ನಿಂತಿತು, ನಾನೂ ಹೇಳುವುದು ಬಿಟ್ಟೆ.

ಸುಮ್ಮನೆ ಕೂತೆವೆಂದಲ್ಲ. ಹೆಚ್ಚಿನ ಜೀಪುಗಳು ಫೈನಾನ್ಸಿನವು. ಐದು ಜನ ಡ್ರೈವರುಗಳನ್ನು ಕಟ್ಟಿಕೊಂಡು ಚಿಕ್ಕಮಗಳೂರಿನ ಆಫೀಸಿಗೆ ಹೋದೆ. ಕಂತಿಗೆ ಗಡುವು ಕೊಡಿ ಎಂದು ಎಲ್ಲರ ಪರವಾಗಿ ಒಂದೇ ಅರ್ಜಿ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗಿ ಪಾಪ ನೀರು ಕೊಟ್ಟು ಕೂರಿಸಿ, "ಒಟ್ಟಿಗೆ ಬರೆದ್ರೆ ಆಗಲ್ಲ ಮೇಡಂ, ಒಬ್ಬೊಬ್ಬರೇ ಕೊಡ್ಬೇಕು, ಆದಾಯದ ಪುರಾವೆ ಬೇಕು" ಎಂದಳು. ಆದಾಯವೇ ಇಲ್ಲ ಎನ್ನುವುದಕ್ಕೆ ಯಾವ ಪುರಾವೆ ತರುವುದು? ನಮ್ಮ ಮಹಿಳಾ ಸಂಘದಲ್ಲಿ ಸಾಲ ಕೇಳಿದೆ. ಸಂಘದಲ್ಲಿದ್ದವರೆಲ್ಲ ಇದೇ ಡ್ರೈವರುಗಳ ಹೆಂಡಂದಿರು, ತೋಟದ ಆಳುಗಳು. ಎತ್ತಬೇಕಾದ್ದನ್ನೆಲ್ಲ ಆಗಲೇ ಎತ್ತಿದ್ದರು. ಪಂಚಾಯ್ತಿಯಲ್ಲಿ ಕೂಲಿ ಕೆಲಸದ ಉದ್ಯೋಗ ಚೀಟಿಗೆ ಬರೆಸಿ ಎಂದರು. ಬರೆಸಿದರೆ ಅದೂ ಬೇರೆ ಕೆಲಸವೇ ಅಲ್ಲವೇ, ಮೊಳೆ ಹೋಗುತ್ತದಲ್ಲ ಎಂದು ಒಬ್ಬ ಕೇಳಿದ. ನಾನು ಅವನ ಮುಂದೆ ಚಹಾ ಇಟ್ಟೆ.

ಇಂಥ ದಿನಗಳಲ್ಲಿ ಹನ್ನೊಂದನೇ ನಂಬರಿನವನು ಕೂಗಿದಾಗ ಇಲ್ಲದಿರಲು ಶುರುಮಾಡಿದ.

ಮೂವತ್ತೈದರ ಆಸುಪಾಸಿನ ಆಳು, ಮಾತು ಕಡಿಮೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನ ಜೀಪು ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಎರಡು ಕಂತು ಬಾಕಿಯಾಗಿ, ಫೈನಾನ್ಸಿನವನು ಒಮ್ಮೆ ಸ್ಟ್ಯಾಂಡಿಗೇ ಬಂದು ಜೀಪಿನ ಸುತ್ತ ತಿರುಗಿ ಫೋಟೊ ತೆಗೆದುಕೊಂಡು ಹೋಗಿದ್ದ. ಮೂರನೆಯದು ತಪ್ಪಿದರೆ ಜೀಪು ಎಳೆದುಕೊಂಡು ಹೋಗುತ್ತಾರೆ, ಅದು ಎಲ್ಲರಿಗೂ ಗೊತ್ತಿತ್ತು. ಅಂಥವನು ಸ್ಟ್ಯಾಂಡಿನಲ್ಲಿ ಬೇರು ಬಿಟ್ಟು ಕೂರಬೇಕು ತಾನೆ? ಒಮ್ಮೆ ತಪ್ಪಿಸಿಕೊಂಡ, ಬಿಲ್ಲೆ ಕೊನೆಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಅವನ ಸರದಿ ಬಂತು, ಮತ್ತೆ ಇಲ್ಲ. ಕುಡಿಯುವುದು ಕಲಿತನೇನೋ ಎಂದುಕೊಂಡೆ.

ಮೂರನೆಯ ಸಲ ಆದದ್ದನ್ನು ಈಗ ನೆನೆದರೂ ಮೈ ಉರಿಯುತ್ತದೆ. ಲಗೇಜು ಸಮೇತ ಐದು ಜನರ ಒಂದು ಕುಟುಂಬ ಬಸ್ಸಿಳಿದು ಬಂತು. ಚಿಕ್ಕಮಗಳೂರಿಗೆ ಹೋಗಬೇಕು, ಮಾರನೆಯ ದಿನ ಅದೇ ಜೀಪಿನಲ್ಲಿ ವಾಪಸ್ಸು. ಹದಿನೈದು ದಿನದಲ್ಲಿ ಅಂಥ ಬಾಡಿಗೆ ಕಂಡಿರಲಿಲ್ಲ. ಮೊದಲ ಮೊಳೆಯಲ್ಲಿ ಹನ್ನೊಂದು. ಕೂಗಿದೆ. ಮತ್ತೆ ಕೂಗಿದೆ. ಮೂರನೆಯದನ್ನು ಕತ್ತಿನ ನರ ಉಬ್ಬುವ ಹಾಗೆ ಕೂಗಿದೆ. ಎರಡನೇ ಮೊಳೆಯವನು ಲಗೇಜು ಏರಿಸಿ ಹೊರಟ. ಜೀಪು ತಿರುವು ದಾಟುವಷ್ಟರಲ್ಲಿ ಹನ್ನೊಂದು ಏದುಸಿರು ಬಿಡುತ್ತಾ ಓಡಿಬಂದ.

"ಎಲ್ಲಿ ಹೋಗಿದ್ದೆ ಮಾರಾಯ? ನಾನೇನು ನಿನ್ನ ಮನೆ ಆಳಾ ಗಂಟಲು ಹರ್ಕೊಳ್ಳೋಕೆ?" ಎಲ್ಲರ ಎದುರಿಗೇ ಕೇಳಿದೆ.

"ತಪ್ಪಾಯ್ತಕ್ಕ."

"ಬಾಡಿಗೆ ಬೇಡ ಅಂದ್ರೆ ಹೇಳು, ಬಿಲ್ಲೆ ತೆಗೆದು ಕೈಗೆ ಕೊಡ್ತೀನಿ."

ಅವನು ಹಲಗೆಯ ಹತ್ತಿರ ಬಂದು ತನ್ನ ಬಿಲ್ಲೆಯನ್ನು ತಾನೇ ತೆಗೆದು ಕೊನೆಯ ಮೊಳೆಗೆ ಹಾಕಿದ. ತಿರುಗಿದಾಗ ಅವನ ಪ್ಯಾಂಟಿನ ಕೆಳಗಿನ ಮಡಿಕೆಯಲ್ಲಿ ಒಣಗಿದ ಕಾಫಿ ಪಾರ್ಚ್‌ಮೆಂಟಿನ ನಾಲ್ಕು ಬೀಜ ಸಿಕ್ಕಿಕೊಂಡಿದ್ದು ಕಂಡಿತು. ಆಗ ಅದರ ಬಗ್ಗೆ ಯೋಚಿಸಲಿಲ್ಲ. ನಮ್ಮೂರಿನಲ್ಲಿ ಆ ಕಾಲದಲ್ಲಿ ಯಾರ ಮೈಮೇಲೆ ಕಾಫಿ ಬೀಜ ಇರುವುದಿಲ್ಲ?

ಆದರೆ ಮನಸ್ಸು ಕೂರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲ, ಕೈಗೆ ಕೆಲಸವಿಲ್ಲ. ಪುಸ್ತಕ ತೆಗೆದು ತಿರುವಿ ಹಾಕಿದೆ. ನಾನು ಪ್ರತಿ ಕೂಗಿಗೂ ಗಂಟೆ ಬರೆಯುತ್ತೇನೆ, ಜಗಳ ಬಂದರೆ ಇರಲಿ ಎಂದು. ಹನ್ನೊಂದು ತಪ್ಪಿಸಿಕೊಂಡ ಹೊತ್ತುಗಳನ್ನು ನೋಡಿದೆ. ಒಂಬತ್ತು ಗಂಟೆ ಐದು ನಿಮಿಷ. ಹನ್ನೊಂದು ಗಂಟೆ ಹತ್ತು ನಿಮಿಷ. ಇವತ್ತು ಹತ್ತು ಗಂಟೆ ಎಂಟು ನಿಮಿಷ. ಕುಡುಕನಿಗೆ ಗಡಿಯಾರ ಇರುವುದಿಲ್ಲ. ಗಂಟೆ ಹೊಡೆದ ಕೂಡಲೇ ಎದ್ದು ಹೋಗುವ ಕೆಲಸ ಯಾವುದು ಎಂದು ಯೋಚಿಸಿದೆ, ಪ್ಯಾಂಟಿನ ಮಡಿಕೆಯ ಬೀಜ ನೆನಪಾಯಿತು.

ಪಾರ್ಚ್‌ಮೆಂಟು ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ. ಅದನ್ನು ಕಣದಲ್ಲಿ ತೆಳ್ಳಗೆ ಹರವಿ, ಬಿಸಿಲಿರುವಷ್ಟು ಹೊತ್ತೂ ಗಂಟೆಗೊಮ್ಮೆ ಕೈಯಾಡಿಸುತ್ತಿರಬೇಕು. ಒಂದು ಸಲ ತಪ್ಪಿದರೆ ಮೇಲಿನದು ಒಡೆಯುತ್ತದೆ, ಕೆಳಗಿನದು ಹಸಿಯಾಗಿಯೇ ಉಳಿಯುತ್ತದೆ. ಸ್ಟ್ಯಾಂಡಿನ ಹಿಂದೆ ದಿಬ್ಬ ಹತ್ತಿ ಇಳಿದರೆ ಒಂದು ತೋಟದ ಕಣವಿದೆ. ಮಾರನೆಯ ದಿನ ಗಂಟೆ ಹತ್ತಾಗುತ್ತಲೇ ಅಂಗಡಿ ಹಾಗೇ ಬಿಟ್ಟು ದಿಬ್ಬ ಹತ್ತಿದೆ.

ಬರಿಗಾಲಿನಲ್ಲಿ, ಪ್ಯಾಂಟು ಮೇಲಕ್ಕೆ ಮಡಚಿ, ಮರದ ಗೋರುಮಣೆ ತಳ್ಳುತ್ತಾ ಹನ್ನೊಂದನೇ ನಂಬರಿನವನು ಕಣದ ಉದ್ದಕ್ಕೂ ಹೋಗುತ್ತಿದ್ದ. ಗೆರೆ ಒಂದೂ ಡೊಂಕಿರಲಿಲ್ಲ. ನನ್ನನ್ನು ಕಂಡು ನಿಂತ.

"ದಿನಾ ಬರ್ತೀಯಾ?" ಎಂದೆ.

"ಹೌದಕ್ಕ. ಕೈಯಾಡಿಸೋಕೆ ಕಾಲು ಗಂಟೆ. ಮಧ್ಯ ಸ್ಟ್ಯಾಂಡಿಗೆ ಹೋಗಿ ಬಾ ಅಂತ ತೋಟದ ಲೆಕ್ಕ ಬರೆಯೋ ರೈಟರ್ರು ಬಿಟ್ಟಿದಾರೆ. ಸಂಜೆ ಅಕ್ಕಿಗೆ ಆಗುವಷ್ಟು ಕೊಡ್ತಾರೆ."

"ನಂಗೆ ಹೇಳೋಕೆ ಎಂತ ಆಗಿತ್ತು?"

"ನಿಮಗೆ ಹೇಳಿದ್ರೆ ನೀವು ಸುಮ್ನೆ ಇರೋ ಹಾಗಿಲ್ವಲ್ಲ." ಅವನು ಗೋರುಮಣೆಯ ಹಿಡಿ ನೋಡುತ್ತಾ ಹೇಳಿದ. "ಬೇರೆ ಕೆಲಸ ಇದ್ದವನಿಗೆ ಮೊಳೆ ಇಲ್ಲ. ಮೊಳೆ ಹೋದ್ರೆ ಜೀಪು ಇಟ್ಕೊಂಡು ಎಂತ ಮಾಡ್ಲಿ? ಇದನ್ನ ಬಿಟ್ರೆ ಮನೇಲಿ ಒಲೆ ಹತ್ತಲ್ಲ. ಸ್ಟ್ಯಾಂಡಲ್ಲಿ ಹೇಳ್ಬೇಡಿ ಅಕ್ಕ."

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವನು ಅವನು. ನನ್ನ ನಿಯಮವನ್ನು ಚೂರೂ ಬಿಡದೆ ಪಾಲಿಸಿ ಅವನ ಮೂರು ಬಾಡಿಗೆ ತಿಂದುಹಾಕಿದ್ದೆ. ದಿಬ್ಬ ಇಳಿಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಶುಕ್ರವಾರ ಎಲ್ಲರನ್ನೂ ಕೂರಿಸಿ ಮಾತೆತ್ತಿದೆ. ಕಾಲ ಹೀಗಿದೆ, ಸೀಸನ್ನು ಮುಗಿಯುವವರೆಗೆ ಬೇರೆ ಕೆಲಸದ ನಿಯಮ ಬಿಡೋಣ ಎಂದೆ. ನಾಲ್ಕನೇ ನಂಬರಿನವನು ಎದ್ದುನಿಂತ. ಸ್ಟ್ಯಾಂಡಿನ ಹಿರಿಯ, ಹಳೆಯ ಜೀಪು, ಜೀಪಿಗಿಂತ ಗಟ್ಟಿ ಗಂಟಲು.

"ನೀವೇ ತಂದ ರೂಲ್ಸು ಅಕ್ಕ. ಇವತ್ತು ಬಿಟ್ರೆ ನಾಳೆ ತೋಟದವ್ರು ಮತ್ತೆ ಬಿಲ್ಲೆ ಹಿಡ್ಕೊಂಡು ಬರ್ತಾರೆ. ಆಮೇಲೆ ನಾವೆಲ್ಲಿಗೆ ಹೋಗೋದು?"

ಅವನು ಹೇಳಿದ್ದು ಸುಳ್ಳಲ್ಲ. ನಾನು ದಾರಿ ಬದಲಿಸಿದೆ. "ಆಯ್ತು, ನಿಯಮ ಇರ್ಲಿ. ಯಾರಿಗೆ ತೀರಾ ಕಷ್ಟ ಇದೆಯೋ ಅವರಿಗೆ ಪ್ರತಿ ಸುತ್ತಿನಲ್ಲೂ ಒಂದು ಸರದಿ ಹೆಚ್ಚಿಗೆ ಕೊಡೋಣ. ಕೈ ಎತ್ತಿ."

ಇಪ್ಪತ್ತೆರಡು ಜನ. ಒಂದು ಕೈಯೂ ಮೇಲೇಳಲಿಲ್ಲ. ಒಬ್ಬ ಜೀಪಿನ ಕೀ ತಿರುಗಿಸುತ್ತಿದ್ದ, ಒಬ್ಬ ರಸ್ತೆ ನೋಡುತ್ತಿದ್ದ. ಹನ್ನೊಂದು ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಎಲ್ಲರ ಮನೆಯಲ್ಲೂ ಏನು ಬೇಯುತ್ತಿದೆ ಎಂದು ನನಗೆ ಗೊತ್ತು, ಅವರ ಹೆಂಡಂದಿರು ಸಂಘದಲ್ಲಿ ಹೇಳುತ್ತಾರೆ. ಗಂಡಸರನ್ನು ಸಾಲಾಗಿ ಕೂರಿಸಿ ಯಾರು ಹಸಿದಿದ್ದೀರಿ ಎಂದು ಕೇಳಿದ ನನ್ನ ಬುದ್ಧಿಗೆ ಏನು ಹೇಳಲಿ.

ಆಮೇಲೆ ನಾನು ನಿರ್ಧಾರ ಮಾಡಿದೆ. ನಿಯಮ ಮುರಿಯುವುದಿಲ್ಲ, ಎಳೆಯುತ್ತೇನೆ. ಮೂರು ಕೂಗು ಎಂದಿದೆ. ಕೂಗಿನಿಂದ ಕೂಗಿಗೆ ಎಷ್ಟು ಹೊತ್ತು ಎಂದು ಎಲ್ಲೂ ಇಲ್ಲ.

ಹನ್ನೊಂದರ ಬಿಲ್ಲೆ ಮೊದಲ ಮೊಳೆಗೆ ಬಂದ ದಿನ ಬೆಳಗಿನಿಂದ ನನ್ನ ಕಣ್ಣು ಗಡಿಯಾರದ ಮೇಲೆ. ದೇವರೇ, ಗಿರಾಕಿ ಗಂಟೆಯ ಮಧ್ಯದಲ್ಲಿ ಬರಲಿ. ಬಂದದ್ದು ಹನ್ನೊಂದು ಗಂಟೆ ಮೂರು ನಿಮಿಷಕ್ಕೆ. ಗಂಡಹೆಂಡತಿ ಇಬ್ಬರು, ಬೆಟ್ಟದ ಬುಡಕ್ಕೆ ಹೋಗಬೇಕು. ಒಂದು ಕೂಗು ಕೂಗಿದೆ. "ಕೂತ್ಕೊಳ್ಳಿ, ಚಳಿಗೆ ಬಿಸಿ ಚಹಾ ಕುಡಿರಿ, ಜೀಪು ಬರ್ತದೆ" ಎಂದೆ. ಹಾಲು ಕಾಯಿಸಿದೆ. ಶುಂಠಿ ಜಜ್ಜಿದೆ, ಬೇಕೆಂದೇ ನಿಧಾನವಾಗಿ. ಎರಡನೇ ಕೂಗು. ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೇಲೆ ಗಾಳಿ ಜಾಸ್ತಿ, ಟೊಪ್ಪಿ ಇದೆಯಾ, ಮಧ್ಯಾಹ್ನದ ಊಟ ಕಟ್ಟಿಕೊಂಡಿದ್ದೀರಾ ಎಂದೆಲ್ಲ ವಿಚಾರಿಸಿದೆ. ಒಳಗೆ ಹೋಗಿ ಸುಮ್ಮನೆ ಡಬ್ಬಿ ಸರಿಸಿದೆ. ಎರಡನೇ ಮೊಳೆಯವನು ಜೀಪಿನಿಂದ ಇಳಿದು ನನ್ನನ್ನೇ ದಿಟ್ಟಿಸುತ್ತಿದ್ದ. ದಿಬ್ಬದ ಮೇಲೆ ಹನ್ನೊಂದರ ತಲೆ ಕಂಡಾಗ ಮೂರನೆಯದನ್ನು ಕೂಗಿದೆ. ಅವನು ಓಡಿಬಂದು ಜೀಪು ಹತ್ತಿದ.

ಹೀಗೆ ಎರಡು ಸುತ್ತು ನಡೆಯಿತು. ಅಷ್ಟರಲ್ಲಿ ನನ್ನ ನಿದ್ದೆ, ಹಾಲು, ಸಕ್ಕರೆ ಮೂರೂ ಕರಗಿದವು. ಮೂರನೇ ಸುತ್ತಿನಲ್ಲಿ ಹನ್ನೊಂದರ ಸರದಿ ಬರುವ ಮೊದಲೇ ನಾಲ್ಕನೇ ನಂಬರಿನವನು ನೇರವಾಗಿ ಬಂದು ಮೇಜಿಗೆ ಕೈಯೂರಿ ನಿಂತ.

"ನಮ್ಮ ನಂಬರಿಗೆ ಮೂರು ಕೂಗು ಒಂದು ನಿಮಿಷಕ್ಕೆ ಮುಗೀತದೆ. ಹನ್ನೊಂದನೇ ನಂಬರಿಗೆ ಹದಿನೈದು ನಿಮಿಷ. ಎಂತಕ್ಕೆ ಅಕ್ಕ?"

"ಗಂಟಲು ಕಟ್ಟಿತ್ತು."

"ಬೇಲಿನೇ ಎದ್ದು ಹೊಲ ಮೇಯ್ದ್ರೆ ನಾವು ಯಾರ ಹತ್ರ ಹೇಳೋದು? ನಾಳೆ ಎಲ್ಲರ ಎದುರು ಪುಸ್ತಕ ತೆಗೀರಿ." ಅಷ್ಟು ಹೇಳಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡತೊಡಗಿದ. ತಡೆಯುವ ಹಕ್ಕು ನನಗಿರಲಿಲ್ಲ. ಅವನ ಬೆರಳು ಒಂದೊಂದೇ ಹೊತ್ತಿನ ಮೇಲೆ ಇಳಿಯಿತು. ಆಮೇಲೆ ತಲೆಯೆತ್ತಿ ಗಡಿಯಾರ ನೋಡಿದ. ಹನ್ನೆರಡಕ್ಕೆ ಎರಡು ನಿಮಿಷ ಇತ್ತು. ಹನ್ನೊಂದು ಆಗಷ್ಟೇ ಎದ್ದು ದಿಬ್ಬದ ಕಡೆ ಹೋಗಿದ್ದ. ನಾಲ್ಕು ಅವನ ಹಿಂದೆಯೇ ನಡೆದ.

ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕುದಿದ ಚಹಾವನ್ನೇ ಮತ್ತೆ ಒಲೆಗಿಟ್ಟೆ. ನಾಳೆ ಹನ್ನೊಂದರ ಬಿಲ್ಲೆ ಕಿತ್ತು ಕೊಡಬೇಕು, ನನ್ನ ಕೈಯಿಂದಲೇ. ತಿಂಗಳ ಕೊನೆಗೆ ಜೀಪು ಹೋಗುತ್ತದೆ. ಪುಸ್ತಕವೂ ಹೋಗುತ್ತದೆ, ಹೋಗಲಿ. ಹತ್ತು ನಿಮಿಷದ ಮೇಲೆ ನಾಲ್ಕು ದಿಬ್ಬ ಇಳಿದು ಬಂದ. ಬೆಂಚಿನ ಮೇಲೆ ಕೂತ. ನಾನು ಕೊಟ್ಟ ಚಹಾ ಕುಡಿದ, ದುಡ್ಡಿಟ್ಟ, ತನ್ನ ಜೀಪಿನೊಳಗೆ ಹೋಗಿ ಕೂತ. ಮುಖ ನೋಡಿ ಏನನ್ನೂ ತಿಳಿಯುವ ಹಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪುಸ್ತಕವನ್ನು ಒರೆಸಿ, ಹಲಗೆಯ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಕೇಳುವ ಮೊದಲೇ ಕೊಟ್ಟುಬಿಡುವುದು ಎಂದು ನಿಶ್ಚಯಿಸಿದ್ದೆ. ಮೊದಲ ಮೊಳೆಯಲ್ಲಿ ನಾಲ್ಕು, ಎರಡನೆಯದರಲ್ಲಿ ಹನ್ನೊಂದು. ನಾಲ್ಕನೇ ನಂಬರಿನವನು ಕಳಸದ ಪೇಟೆಯಿಂದ ಜೀಪು ಓಡಿಸಿಕೊಂಡು ಬಂದು ನಿಲ್ಲಿಸಿದ. ಐದು ನಿಮಿಷವೂ ಆಗಿರಲಿಲ್ಲ, ಮದುವೆ ಮನೆಯ ಆರು ಜನ ಬಂದರು. ಗೋಣಿಬೀಡಿಗೆ ಹೋಗಬೇಕು, ಸಂಜೆ ವಾಪಸ್ಸು.

"ನಾಲ್ಕು," ಎಂದು ಕೂಗಿದೆ.

ನಾಲ್ಕು ಇಳಿದ. ಜೀಪಿನ ಮುಂದೆ ಬಂದು ಬಾನೆಟ್ಟು ಎತ್ತಿದ.

"ಸೆಲ್ಫ್ ತಗೊಳ್ತಿಲ್ಲ ಅಕ್ಕ, ಸ್ಟಾರ್ಟೇ ಆಗ್ತಿಲ್ಲ."

ಅದೇ ಜೀಪಿನ ಹೊಗೆ ಇನ್ನೂ ನನ್ನ ಅಂಗಡಿಯೊಳಗೆ ಆಡುತ್ತಿತ್ತು. ನಾನು ಅವನನ್ನು ನೋಡಿದೆ. ಅವನು ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿ, "ಕೂಗಿ ಅಕ್ಕ, ಪಾರ್ಟಿ ಕಾಯ್ತಾ ಇದೆ. ರೂಲ್ಸು ರೂಲ್ಸೇ" ಎಂದ.

ಇನ್ನೆರಡು ಸಲ ಕೂಗಿದೆ. ನಾಲ್ಕರ ಬಿಲ್ಲೆಯನ್ನು ಕೊನೆಯ ಮೊಳೆಗೆ ಹಾಕಿದೆ. ಮತ್ತೆ ನಾಲ್ಕು ದಿನ ಅವನಿಗೆ ಬಾಡಿಗೆಯಿಲ್ಲ. "ಹನ್ನೊಂದು" ಎಂದಾಗ ಆ ನಂಬರಿನವನು ತನ್ನ ಜೀಪಿನ ಪಕ್ಕದಲ್ಲೇ ನಿಂತಿದ್ದ. ಅವನೂ ಡ್ರೈವರ್, ಅವನಿಗೂ ಕಿವಿಯಿದೆ. ನಾಲ್ಕರ ಕಡೆ ಒಂದು ಹೆಜ್ಜೆ ಇಟ್ಟ. ನಾಲ್ಕು ತಲೆ ಎತ್ತಲಿಲ್ಲ. ಹನ್ನೊಂದು ಪಾರ್ಟಿಯ ಚೀಲಗಳನ್ನು ಏರಿಸಿಕೊಂಡು ಹೊರಟುಹೋದ. ನಾನು ಪುಸ್ತಕದಲ್ಲಿ "ನಾಲ್ಕು: ಕೆಟ್ಟಿದೆ" ಎಂದು ಬರೆದೆ. ಆರು ವರ್ಷದಲ್ಲಿ ಆ ಪುಸ್ತಕದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಬರೆಯುವಾಗ ಅಳು ಬಂತು. ಒಲೆಯ ಹೊಗೆ ಎಂದೆ, ಯಾರೂ ಕೇಳದಿದ್ದರೂ.

ಪುಸ್ತಕ ತೆಗೀರಿ ಎಂದು ಆ ದಿನ ಯಾರೂ ಹೇಳಲಿಲ್ಲ. ಬೇರೆ ಕೆಲಸದ ಮಾತೂ ಬರಲಿಲ್ಲ. ಆಮೇಲೆ ನಮ್ಮ ಸ್ಟ್ಯಾಂಡಿನ ಜೀಪುಗಳಿಗೆ ಏನೋ ರೋಗ ಬಡಿಯಿತು. ಹನ್ನೊಂದರ ಮುಂದಿನ ಮೊಳೆಯಲ್ಲಿ ಯಾರಿದ್ದರೂ ಅವರ ಬ್ಯಾಟರಿ ಕೂರುತ್ತಿತ್ತು, ಕ್ಲಚ್ಚು ಹಿಡಿಯುತ್ತಿರಲಿಲ್ಲ. ಹದಿನೇಳನೇ ನಂಬರಿನವನ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ವಾರ, ಅವನ ಮುಂದಿದ್ದ ಎರಡು ಜೀಪುಗಳ ರೇಡಿಯೇಟರು ಒಂದೇ ದಿನ ಸೋರಿತು. ಯಾರು ಯಾರಿಗೂ ಏನೂ ಹೇಳಿರಲಿಲ್ಲ. ಕೇಳಿದವರಿಲ್ಲ, ಕೊಟ್ಟವರಿಲ್ಲ. ನಾನು ಬರೆಯುತ್ತಾ ಹೋದೆ: ಕೆಟ್ಟಿದೆ, ಕೆಟ್ಟಿದೆ.

ಒಂದು ದಿನ ಪೇಟೆಯ ಮೆಕ್ಯಾನಿಕ್ಕು ಚಹಾಕ್ಕೆ ಬಂದು ಪುಸ್ತಕದ ಮೇಲೆ ಕಣ್ಣಾಡಿಸಿದ. "ಇಷ್ಟು ಜೀಪು ಕೆಟ್ಟು ನಿಂತಾವೆ, ಒಂದೂ ನನ್ನ ಹತ್ರ ಬರ್ಲಿಲ್ವಲ್ಲ ಅಕ್ಕ? ನಂಗೂ ಹೊಟ್ಟೆ ಇದೆ ಮಾರಾಯ್ರೆ" ಎಂದ. ನಾಲ್ಕು ಜೋರಾಗಿ ನಕ್ಕ. ಎಷ್ಟೋ ವಾರಗಳ ಮೇಲೆ ಸ್ಟ್ಯಾಂಡಿನಲ್ಲಿ ಕೇಳಿದ ಮೊದಲ ನಗು ಅದಿರಬೇಕು. ಮೆಕ್ಯಾನಿಕ್ಕಿಗೆ ಚಹಾದ ಜೊತೆ ಒಂದು ಬನ್ನು ಕೊಟ್ಟು ಕಳಿಸಿದೆ.

ತಿಂಗಳ ಕೊನೆಗೆ ಫೈನಾನ್ಸಿನವನು ಬಂದ. ಹನ್ನೊಂದು ಒಂದು ಕಂತು ಪೂರ್ತಿ ಕಟ್ಟಿದ. ಉಳಿದದ್ದಕ್ಕೆ ಗಡುವು ಸಿಕ್ಕಿತು. ಜೀಪು ಸ್ಟ್ಯಾಂಡಿನಲ್ಲೇ ಉಳಿಯಿತು. ಕಣದ ಕೆಲಸ ಮುಗಿಯುವವರೆಗೂ ಅವನು ಗಂಟೆಗೊಮ್ಮೆ ದಿಬ್ಬ ಹತ್ತುತ್ತಲೇ ಇದ್ದ, ಈಗ ಯಾರಿಗೂ ಮರೆಮಾಡದೆ. ನನ್ನ ನಿಯಮ ಗೋಡೆಯ ಮೇಲೆ ಹಾಗೇ ಇತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

ಕಾಫಿ ಹೂವಿನ ಮಳೆ ಬೀಳುವ ಹೊತ್ತಿಗೆ ನಾಲ್ಕರ ಹೆಂಡತಿಗೆ ಹೊಟ್ಟೆಯ ಆಪರೇಷನ್ ಎಂದು ಗೊತ್ತಾಯಿತು. ಅವನು ಹೇಳಲಿಲ್ಲ, ಸಂಘದಲ್ಲಿ ಅವಳೇ ಹೇಳಿದಳು. ಆ ವಾರ ಒಂದು ಬೆಳಿಗ್ಗೆ, ಮೊದಲ ಮೊಳೆಯಲ್ಲಿ ಹನ್ನೊಂದು, ಅದರ ಹಿಂದೆ ನಾಲ್ಕು. ಮಂಗಳೂರಿಗೆ ಹೋಗುವ ಬಾಡಿಗೆ ಬಂತು, ಹನ್ನೊಂದಕ್ಕೆ ಇನ್ನೂ ಒಂದು ಕಂತು ಬಾಕಿಯಿತ್ತು. ನಾನು ಹಲಗೆಯ ಮುಂದೆ ನಿಂತು ಎರಡೂ ಬಿಲ್ಲೆಗಳನ್ನು ನೋಡಿದೆ.

ತಿರುಗಿ ನೋಡುವಷ್ಟರಲ್ಲಿ ಹನ್ನೊಂದರ ಬಾನೆಟ್ಟು ಆಗಲೇ ಮೇಲೆದ್ದಿತ್ತು. ಅದರ ಹಿಂದೆ ಅವನು ಯಾವುದನ್ನೂ ಮುಟ್ಟದೆ, ಕೈಕಟ್ಟಿಕೊಂಡು ನಿಂತಿದ್ದ.

ನಾನು ಮೂರು ಕೂಗನ್ನೂ ಒಂದೇ ಉಸಿರಿನಲ್ಲಿ ಕೂಗಿ ಮುಗಿಸಿದೆ.